ಆ ಕೊನೆ ಎಪಿಸೋಡ್ ಬರೆದವರು ಯಾರು?

ಪ್ರಶ್ನೆ: ಮೇಡಂ, ನನಗೆ 23 ವರ್ಷ. ಊರು ಹಾಸನದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಒಂದು ವರ್ಷದಿಂದ ಥಾಯ್ಲೆಂಡ್, ತೈವಾನ್, ಜಪಾನ್ ಕಡೆಯ ಬಿಎಲ್ ಸೀರಿಯಲ್‌ಗಳನ್ನು, ಅಂದರೆ ಇಬ್ಬರು ಹುಡುಗರ ಪ್ರೇಮಕಥೆಗಳನ್ನು ನೋಡುತ್ತಿದ್ದೇನೆ. ಹೋದ ತಿಂಗಳು ತೈವಾನಿನ ‘ಹಿಸ್ಟರಿ 3: ಮೇಕ್ ಅವರ್ ಡೇಸ್ ಕೌಂಟ್’ ನೋಡಿದೆ. ಕೊನೆ ಎಪಿಸೋಡ್ ಆದಮೇಲೆ ಎರಡು ದಿನ ಊಟ ಸೇರಲಿಲ್ಲ. ನೋಡಿದವರೆಲ್ಲ ಬೈಯುತ್ತಿದ್ದಾರೆ, ಕೆಲವರು ಮಾತ್ರ ಇದೇ ಸರಿ ಅನ್ನುತ್ತಿದ್ದಾರೆ. ನನ್ನ ರೂಮ್‌ಮೇಟ್ ನಗುತ್ತಾನೆ: ‘ಮುಂಗಾರು ಮಳೆಯಲ್ಲೂ ಜೋಡಿ ಸೇರಲಿಲ್ಲ, ಆಗ ಯಾರು ಗಲಾಟೆ ಮಾಡಿದ್ರು?’ ಅಂತ. ಕೊನೆಗೆ ಸುಖವೇ ಇರಬೇಕು ಅಂತ ಕೇಳೋದು ಚಿಕ್ಕ ಮಕ್ಕಳ ಹಟವಾ? ನನ್ನ ವಿಷಯ ಮನೆಯಲ್ಲಿ ಗೊತ್ತಿಲ್ಲ. ಅದಕ್ಕೇ ನನಗೆ ಜಾಸ್ತಿ ತಾಕಿತೇನೋ.

ಉತ್ತರ: ನಿಮ್ಮ ರೂಮ್‌ಮೇಟ್ ನಗುತ್ತಾ ಕೇಳಿದ್ದರೂ ಒಳ್ಳೇ ಪ್ರಶ್ನೆಯನ್ನೇ ಕೇಳಿದ್ದಾನೆ. ಅಲ್ಲಿಂದಲೇ ಶುರು ಮಾಡೋಣ. ಒಂದು ಎಚ್ಚರಿಕೆ ಮಾತ್ರ: ಮುಂದೆ ಸುಮಾರು ಹತ್ತು ಕಥೆಗಳ ಕೊನೆಯನ್ನು ಹೇಳಿಬಿಡುತ್ತೇನೆ. ನೋಡಿಲ್ಲದವರು ಇಲ್ಲೇ ನಿಲ್ಲಿಸಿದರೆ ನನಗೇನೂ ಬೇಜಾರಿಲ್ಲ.

‘ಮುಂಗಾರು ಮಳೆ’ ಬಂದದ್ದು 2006ರ ಡಿಸೆಂಬರ್ ಕೊನೆಗೆ. ಪ್ರೀತಂ ನಂದಿನಿಯನ್ನು ಬಿಟ್ಟುಕೊಟ್ಟ. ಪಾಪ, ಮೊಲ ದೇವದಾಸನೂ ಸತ್ತ. ಜನ ಅತ್ತರು, ಕಣ್ಣೊರೆಸಿಕೊಂಡು ಮತ್ತೆ ಟಿಕೆಟ್ ತಗೊಂಡರು. ಯಾಕೆ ಗಲಾಟೆ ಆಗಲಿಲ್ಲ? ಮುಂದಿನ ಶುಕ್ರವಾರ ಬಂದ ಸಿನಿಮಾದಲ್ಲಿ ಇನ್ನೊಂದು ಜೋಡಿ ಸೇರಿರುತ್ತದೆ. ಅದೂ ಬೇಡ, ಥಿಯೇಟರಿನಿಂದ ಮನೆಗೆ ಹೋಗುವ ದಾರಿಯಲ್ಲೇ ಒಂದು ಕಲ್ಯಾಣ ಮಂಟಪ ಸಿಗುತ್ತದೆ. ಬಾಗಿಲಲ್ಲಿ ಹೂವಿನಿಂದ ಬರೆದ ಎರಡು ಹೆಸರು, ಒಂದು ಹುಡುಗನದು, ಒಂದು ಹುಡುಗಿಯದು. ಪ್ರೀತಂಗೆ ಸಿಗದಿದ್ದದ್ದು ಊರಿಗೆಲ್ಲ ಸಿಗುತ್ತಲೇ ಇದೆ. ಹಾಗಾಗಿ ಆ ಅಳುವಿನಲ್ಲಿ ಒಂದು ಸುಖವಿತ್ತು. ನಿಮ್ಮ ತೈವಾನ್ ಹುಡುಗರ ಕಥೆ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದರೆ ಹೊರಗೆ ಆ ಮಂಟಪವಿಲ್ಲ. ಇರೋದು ಒಂದೇ ಕಥೆ, ಅದರಲ್ಲೂ ಒಬ್ಬ ಸತ್ತ. ಒಂದೇ ಲೋಟ ಹಾಲಿದ್ದಾಗ ಅದು ಚೆಲ್ಲಿದರೆ ಆಗುವ ಸಂಕಟವೇ ಬೇರೆ.

ಆದರೆ ಇದು ಅರ್ಧ ಉತ್ತರ ಅಷ್ಟೇ. ಸಿಟ್ಟು ಬರೋದಕ್ಕೆ ದುಃಖವೊಂದೇ ಕಾರಣವಾಗಿದ್ದರೆ ಎಲ್ಲ ದುಃಖದ ಕಥೆಗೂ ಇಷ್ಟೇ ಸಿಟ್ಟು ಬರಬೇಕಿತ್ತು. ಬರುವುದಿಲ್ಲ. ಎಷ್ಟೋ ವರ್ಷ ಈ ಕಥೆಗಳನ್ನೂ ಇವನ್ನು ನೋಡುವವರನ್ನೂ ನೋಡಿ ನನಗೆ ಅನ್ನಿಸಿರುವುದು ಇದು: ನೋಡುವವರು ಒಳಗೊಳಗೇ ಕೇಳುವ ಪ್ರಶ್ನೆ ‘ಈ ಕೊನೆಯನ್ನು ಬರೆದವರು ಯಾರು?’ ಅಂತ. ಕಥೆಯೇ ನಡೆದು ನಡೆದು ಅಲ್ಲಿಗೆ ಬಂದಿದ್ದರೆ ಎಂಥ ಕಹಿಯನ್ನೂ ನುಂಗುತ್ತಾರೆ. ಹೊರಗಿನವರು ಯಾರೋ ಬಂದು ಬರೆದು ಹೋದ ಹಾಗಿದ್ದರೆ ಸಿಹಿಯನ್ನೂ ಉಗುಳುತ್ತಾರೆ.

ನಿಮ್ಮ ಸೀರಿಯಲ್‌ನ್ನೇ ನೋಡಿ. 2019ರ ಕೊನೆಯಲ್ಲಿ ಬಂತು. ಅದೇ ವರ್ಷ ಮೇ 24ರಿಂದ ತೈವಾನಿನಲ್ಲಿ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಕಾನೂನಿನ ಪ್ರಕಾರ ಮದುವೆಯಾಗಬಹುದು ಅಂತ ಆಗಿತ್ತು. ಏಷ್ಯಾದಲ್ಲೇ ಮೊದಲು. ಅದಕ್ಕೆ ಆರು ತಿಂಗಳ ಹಿಂದೆ ನಡೆದ ಜನಮತದಲ್ಲಿ ಹೆಚ್ಚಿನವರು ಬೇಡ ಎಂದಿದ್ದರು, ಆದರೂ ಕಾನೂನು ಬಂತು. ಇಂಥ ವರ್ಷದಲ್ಲಿ ಹಾವೊಟಿಂಗ್ ಮತ್ತು ಶಿಗು ಬಂದರು. ಒಬ್ಬ ಉಡಾಫೆ ಹುಡುಗ, ಇನ್ನೊಬ್ಬ ಅಪ್ಪ ಅಮ್ಮ ಇಲ್ಲದೆ, ಓದಿನ ಜೊತೆಗೇ ಕೆಲಸವನ್ನೂ ಮಾಡಿಕೊಂಡು ಬೆಳೆದ ಹುಡುಗ. ಜಗಳದಿಂದ ಶುರುವಾಗಿ ಪ್ರೀತಿಯಾಗುತ್ತದೆ. ಮನೆಯವರು ಮೊದಲು ಬೇಡ ಅಂದು, ಆಮೇಲೆ ಒಪ್ಪುತ್ತಾರೆ. ಒಂಟಿ ಹುಡುಗನಿಗೆ ಕೊನೆಗೂ ಒಂದು ಮನೆ ಸಿಕ್ಕಿತು ಅಂತ ನಾವು ಉಸಿರು ಬಿಡುವಷ್ಟರಲ್ಲಿ ರಸ್ತೆ ಅಪಘಾತ. ಆಮೇಲೆ ಕಥೆ ವರ್ಷಗಳನ್ನು ದಾಟಿ, ಉಳಿದವನ ದುಃಖ ತೋರಿಸಿ ಮುಗಿಯುತ್ತದೆ.

ಸಮರ್ಥಿಸುವವರು ಏನು ಹೇಳುತ್ತಾರೆ? ಸಾವು ಹೇಳಿ ಕೇಳಿ ಬರುವುದಿಲ್ಲ, ಇರುವಷ್ಟು ದಿನ ಚೆನ್ನಾಗಿರು ಅಂತ ಹೆಸರಲ್ಲೇ ಇದೆ, ಇನ್ನೇನು ಬೇಕು ಅಂತ. ಮಾತು ಸುಳ್ಳಲ್ಲ. ಆದರೂ ನಾನು ಸಿಟ್ಟಾದವರ ಕಡೆಗೇ ಇದ್ದೇನೆ. ಅಷ್ಟೂ ಎಪಿಸೋಡು ಈ ಕಥೆ ಕೇಳಿದ್ದು ಬೇರೆ ಪ್ರಶ್ನೆ: ಒಂಟಿಯಾಗಿ ಇದ್ದು ಅಭ್ಯಾಸವಾದವನು ಇನ್ನೊಬ್ಬರ ಜೊತೆ ಬದುಕುವುದನ್ನು ಕಲಿಯುತ್ತಾನಾ? ಅದಕ್ಕೆ ಉತ್ತರ ಬರೆಯೋದು ಕಷ್ಟದ ಕೆಲಸ. ಅಪಘಾತ ಆ ಕೆಲಸವನ್ನು ತಪ್ಪಿಸಿತು. ಉತ್ತರ ಪತ್ರಿಕೆಯನ್ನು ಅರ್ಧಕ್ಕೆ ಕಿತ್ತುಕೊಂಡ ಹಾಗಾಯಿತು.

ಅದೇ ಹೊತ್ತಿಗೆ ಥಾಯ್ಲೆಂಡಿನಲ್ಲಿ ‘ಅಂಟಿಲ್ ವೀ ಮೀಟ್ ಅಗೇನ್’ ಬರುತ್ತಿತ್ತು. ಅದರಲ್ಲೂ ಇಬ್ಬರು ಹುಡುಗರು ಸಾಯುತ್ತಾರೆ, ಮನೆಯವರ ಕಾಟ ತಾಳಲಾರದೆ. ಆದರೆ ಸಾಯೋದು ಶುರುವಿನಲ್ಲೇ. ಮುಂದಿನದೆಲ್ಲ ಅವರು ಇನ್ನೊಂದು ಜನ್ಮದಲ್ಲಿ ಹುಟ್ಟಿ, ಹಳೇ ನೋವಿನ ಎಳೆ ಹಿಡಿದು ಒಬ್ಬರನ್ನೊಬ್ಬರು ಹುಡುಕಿಕೊಂಡು ಬರುವ ಕಥೆ. ನಮಗಂತೂ ಪುನರ್ಜನ್ಮದ ಕಥೆ ಹೊಸದಲ್ಲ, ತಟ್ಟನೆ ಅರ್ಥವಾಗುತ್ತದೆ. ಆ ಸಾವುಗಳಿಗೆ ಜನ ಅತ್ತರು, ಬರೆದವರನ್ನು ಬೈಯಲಿಲ್ಲ. ಯಾಕೆಂದರೆ ಅಲ್ಲಿ ಸಾವೇ ಕಥೆಯ ಬೀಜ. ಇಲ್ಲಿ ಸಾವು ಕಥೆಯನ್ನು ನಿಲ್ಲಿಸಲು ಎಳೆದ ಬ್ರೇಕು.

ಇಂಥ ಪ್ರೇಮಕಥೆಗೆ ಸಾವನ್ನು ಕಟ್ಟುವ ಅಭ್ಯಾಸ ಹಳೆಯದು. ಜಪಾನಿನಲ್ಲಿ 1970ರ ದಶಕದಲ್ಲಿ ಹೆಣ್ಣುಮಕ್ಕಳ ಕಾಮಿಕ್ಸ್ ಪತ್ರಿಕೆಗಳಲ್ಲಿ ಹುಡುಗರ ಪ್ರೇಮದ ಕಥೆಗಳು ಶುರುವಾದಾಗ ಅವು ನಡೆಯುತ್ತಿದ್ದದ್ದು ಎಲ್ಲೋ ಯುರೋಪಿನ ಹಾಸ್ಟೆಲ್ ಶಾಲೆಗಳಲ್ಲಿ. ಆ ಕಾಲದ ಎರಡು ದೊಡ್ಡ ಕಥೆಗಳಲ್ಲಿ ಒಂದು ಹುಡುಗನ ಸಾವಿನಿಂದ ಶುರುವಾಗುತ್ತದೆ, ಇನ್ನೊಂದು ಹುಡುಗನ ಸಾವಿನಲ್ಲಿ ಮುಗಿಯುತ್ತದೆ. ಬರೆದವರು ಹೆಂಗಸರು, ಓದಿದವರು ಹುಡುಗಿಯರು, ಅತ್ತದ್ದು ಮನಸಾರೆ. ಈ ಬಗೆಯ ಬರಹಕ್ಕೆ ಆಮೇಲೆ ಅಂಟಿದ ‘ಯಾವೊಯಿ’ ಅನ್ನೋ ಹೆಸರೇ ಒಂದು ತಮಾಷೆ: ಏರಿಲ್ಲ, ಮುಕ್ತಾಯವಿಲ್ಲ, ಅರ್ಥವಿಲ್ಲ ಅನ್ನುವ ಮೂರು ಜಪಾನಿ ಮಾತುಗಳ ಮೊದಲಕ್ಷರ ಸೇರಿಸಿ ಮಾಡಿದ್ದು. ಬರೆಯುವವರೇ ತಮ್ಮನ್ನು ಹೀಗೆ ಗೇಲಿ ಮಾಡಿಕೊಂಡರು. ಇವತ್ತು ಮುಕ್ತಾಯಕ್ಕಾಗಿಯೇ ಇಷ್ಟು ಜಗಳ ಆಗೋದನ್ನು ನೋಡಿದರೆ ಆ ಹೆಸರು ನೆನಪಾಗಿ ನಗು ಬರುತ್ತದೆ.

ಈಗ ಚೀನಾಕ್ಕೆ ಬನ್ನಿ. ಕೊನೆಯನ್ನು ಬರೆದವರು ಯಾರು ಅನ್ನೋ ಪ್ರಶ್ನೆ ಅಲ್ಲಿ ಗೋಡೆ ಮೇಲೆ ಬರೆದಷ್ಟು ಸ್ಪಷ್ಟ. 2016ರ ಫೆಬ್ರವರಿಯಲ್ಲಿ ‘ಅಡಿಕ್ಟೆಡ್’ ಅನ್ನೋ ಸರಣಿಯನ್ನು ಇನ್ನೂ ಮೂರು ಎಪಿಸೋಡ್ ಬಾಕಿ ಇರುವಾಗಲೇ ಚೀನಾದ ಎಲ್ಲ ಆ್ಯಪ್‌ಗಳಿಂದ ತೆಗೆದುಹಾಕಿದರು. ಟೀವಿ ಕಥೆಗಳಲ್ಲಿ ಏನಿರಬಾರದು ಅನ್ನೋ ಹೊಸ ಪಟ್ಟಿಯಲ್ಲಿ ಇಂಥ ಪ್ರೀತಿಯೂ ಸೇರಿತ್ತು. ಆದರೆ ಅಂತರ್ಜಾಲದ ಕಾದಂಬರಿಗಳಲ್ಲಿ ಈ ಕಥೆಗಳಿಗೆ ಕೋಟಿಗಟ್ಟಲೆ ಓದುಗರು. ದುಡ್ಡು ಹಾಕುವವರು ಬಿಡುತ್ತಾರಾ? ಕಾದಂಬರಿಯ ಪ್ರೇಮಿಗಳನ್ನು ತೆರೆಯ ಮೇಲೆ ಜೀವದ ಗೆಳೆಯರನ್ನಾಗಿ ಮಾಡಿದರು. ಅಭಿಮಾನಿಗಳು ಅದಕ್ಕೆ ‘ಸಮಾಜವಾದಿ ಸಹೋದರತ್ವ’ ಅಂತ ಹೆಸರಿಟ್ಟು ನಕ್ಕರು. 2018ರ ‘ಗಾರ್ಡಿಯನ್’ ಸರಣಿಯ ಮೂಲ ಕಾದಂಬರಿಯಲ್ಲಿ ಜೋಡಿ ಚೆನ್ನಾಗಿರುತ್ತದೆ. ಸರಣಿಯಲ್ಲಿ ಇಬ್ಬರೂ ಲೋಕ ಉಳಿಸಲು ಪ್ರಾಣ ಕೊಡುತ್ತಾರೆ. ಓದಿಕೊಂಡು ನೋಡಿದವರಿಗೆ ಯಾರ ಕೈ ಎಲ್ಲಿ ಆಡಿದೆ ಅಂತ ತಕ್ಷಣ ಗೊತ್ತಾಯಿತು. ಅವರ ಸಿಟ್ಟು ಬರೆದವರ ಮೇಲೆ ತಿರುಗಲಿಲ್ಲ. ಕತ್ತರಿ ಹಿಡಿದವರು ಯಾರೆಂದು ಗೊತ್ತಿತ್ತಲ್ಲ.

2019ರ ‘ದಿ ಅನ್‌ಟೇಮ್ಡ್’ ಕೊನೆಯನ್ನು ಮಾತ್ರ ಸ್ವಲ್ಪ ಹತ್ತಿರ ಹೋಗಿ ನೋಡಬೇಕು. ಐವತ್ತು ಎಪಿಸೋಡ್ ಕಳೆದಿವೆ. ಬೆಟ್ಟದ ದಾರಿಯಲ್ಲಿ ವೇ ವುಶ್ಯೆನ್ ಮತ್ತು ಲಾನ್ ವಾಂಗ್‌ಜಿ ಬೀಳ್ಕೊಂಡು ಬೇರೆಯಾಗುತ್ತಾರೆ. ಲಾನ್‌ಗೆ ದೊಡ್ಡ ಪದವಿ ಕಾದಿದೆ, ವೇಗೆ ಒಂದು ಕತ್ತೆ ಮತ್ತು ಊರೂರು ಅಲೆಯುವ ಹುಚ್ಚು. ನಾವು ಹಾಳಾಯಿತು ಅಂದುಕೊಳ್ಳುತ್ತೇವೆ. ಆಮೇಲೆ ವೇ ಬೆಟ್ಟದ ಮೇಲೆ ನಿಂತು ಕೊಳಲು ನುಡಿಸುತ್ತಾನೆ. ಅದು ಅವರಿಬ್ಬರ ನಡುವಿನ ಹಾಡು. ಹಿಂದಿನಿಂದ ಒಂದು ದನಿ: ‘ವೇ ಯಿಂಗ್’. ಅದು ವೇಯ ಹುಟ್ಟು ಹೆಸರು. ಅವನನ್ನು ಆ ಹೆಸರಿನಿಂದ ಹಾಗೆ ಕರೆಯೋದು ಲಾನ್ ಅಂತ ಐವತ್ತು ಎಪಿಸೋಡು ಕೇಳಿದ ನಮಗೆ ಗೊತ್ತು. ಅವನು ತಿರುಗುತ್ತಾನೆ, ನಗುತ್ತಾನೆ. ಮುಗೀತು.

ಇಷ್ಟೇ ಸಾಕಾಯಿತು ಜನಕ್ಕೆ. ನಿಷೇಧದ ಕೆಳಗೆ ಕೂತು ಬರೆದವರು ಬಾಗಿಲನ್ನು ಪೂರ್ತಿ ಮುಚ್ಚದೆ ಸಂದಿ ಬಿಟ್ಟಿದ್ದರು. ನೋಡುವವರು ಆ ಸಂದಿಯಲ್ಲೇ ಮದುವೆ ಮಾಡಿಸಿ, ಮನೆ ತುಂಬಿಸಿಕೊಂಡರು. 2021ರ ‘ವರ್ಡ್ ಆಫ್ ಆನರ್’ ಹೊತ್ತಿಗಂತೂ ಜನ ಇನ್ನೂ ಚುರುಕಾಗಿದ್ದರು. ಡಬ್ ಮಾಡಿದ ಮಾತು ಒಂದು, ನಟರ ತುಟಿ ಆಡಿದ್ದು ಇನ್ನೊಂದು ಅಂತ ತುಟಿ ನೋಡಿಯೇ ಸಂಭಾಷಣೆ ಓದಿದರು! ಅದರಲ್ಲೂ ಮುಖ್ಯ ಕಥೆ ಮುಗಿದಾಗ ಒಬ್ಬ ಸತ್ತ ಹಾಗೇ ಕಾಣುತ್ತದೆ. ಆಮೇಲೆ ಬೇರೆಯಾಗಿ ಬಿಟ್ಟ ಒಂದು ಪುಟ್ಟ ತುಣುಕಿನಲ್ಲಿ ಇಬ್ಬರೂ ಹಿಮದ ಬೆಟ್ಟದಲ್ಲಿ ಬದುಕಿದ್ದಾರೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸರ್ಕಾರ ಹಗ್ಗ ಇನ್ನಷ್ಟು ಬಿಗಿ ಮಾಡಿತು. ಚಿತ್ರೀಕರಣ ಮುಗಿದ ಕೆಲವು ಸರಣಿಗಳು ಡಬ್ಬದಲ್ಲೇ ಉಳಿದವು. ಅವುಗಳಿಗೆ ಕೊನೆಯೂ ಇಲ್ಲ, ಮೊದಲೂ ಇಲ್ಲ.

ಥಾಯ್ಲೆಂಡಿನಲ್ಲಿ ಬರೆಯುವ ಕೈ ಬೇರೆ: ಮಾರುಕಟ್ಟೆ. ಅಲ್ಲಿ ಸರಣಿ ಮುಗಿದ ಮೇಲೇ ನಿಜವಾದ ವ್ಯಾಪಾರ ಶುರು. ಜೋಡಿ ನಟರು ಒಟ್ಟಿಗೇ ಜಾಹೀರಾತು ಮಾಡಬೇಕು, ದೇಶ ದೇಶಕ್ಕೆ ಹೋಗಿ ಅಭಿಮಾನಿಗಳನ್ನು ನೋಡಬೇಕು. ತೆರೆಯ ಮೇಲೆ ಅವರನ್ನು ಬೇರೆ ಮಾಡಿದರೆ ಅಂಗಡಿಗೆ ಬೀಗ ಬಿದ್ದಂತೆ. ಹಾಗಾಗಿ ಹನ್ನೆರಡು ಎಪಿಸೋಡಿನ ಕಥೆಯಲ್ಲಿ ಹನ್ನೊಂದನೆಯದರಲ್ಲಿ ಜಗಳ, ಹನ್ನೆರಡರಲ್ಲಿ ರಾಜಿ. ನೋಡುವವರು ಇದಕ್ಕೆ ‘ಹನ್ನೊಂದನೇ ಎಪಿಸೋಡಿನ ಶಾಪ’ ಅಂತಲೇ ಹೆಸರಿಟ್ಟಿದ್ದಾರೆ. ಯೂಟ್ಯೂಬಿನಲ್ಲಿ ನಾಲ್ಕು ತುಂಡಾಗಿ ಬರುವ ಎಪಿಸೋಡಿನ ನಾಲ್ಕನೇ ತುಂಡಿಗೆ ಕಾಯುವಾಗ ಎದೆ ಹೊಡೆದುಕೊಳ್ಳೋದು ಇದ್ದೇ ಇದೆ, ಆದರೂ ಸೇರುತ್ತಾರೆ ಅಂತ ಒಳಗೆ ಗೊತ್ತಿರುತ್ತದೆ. ಸುಖದ ಕೊನೆ, ಆದರೆ ಸಪ್ಪೆ. ಎಷ್ಟೋ ಜನ ಬೈಯೋದು ಇದಕ್ಕೂ ಹೌದು. ಕಥೆಯ ಮಧ್ಯೆ ನಾಯಕ ಫೇಸ್‌ವಾಶ್ ಹಿಡಿದುಕೊಂಡು ಅದರ ಗುಣಗಾನ ಮಾಡುವುದನ್ನು ಸಹಿಸಿಕೊಂಡವರು ಇಷ್ಟಾದರೂ ಬೈಯಬಾರದಾ?

2021ರಲ್ಲಿ ‘ಐ ಪ್ರಾಮಿಸ್ಡ್ ಯು ದ ಮೂನ್’ ಬಂದಾಗ ಇದೇ ನಿರೀಕ್ಷೆ ಮುರಿಯಿತು. ಹಿಂದಿನ ವರ್ಷ ಫುಕೆಟ್ ಊರಿನ ಹಿನ್ನೆಲೆಯಲ್ಲಿ ಬಂದ ಮೊದಲ ಭಾಗದಲ್ಲಿ ಟೆ ಮತ್ತು ಓ-ಎವ್ ಅನ್ನೋ ಹುಡುಗರ ಮೊದಲ ಪ್ರೀತಿ ಎಲ್ಲರಿಗೂ ಹುಚ್ಚು ಹಿಡಿಸಿತ್ತು. ಎರಡನೇ ಭಾಗದಲ್ಲಿ ಇಬ್ಬರೂ ಬ್ಯಾಂಕಾಕಿಗೆ ಓದಲು ಹೋಗುತ್ತಾರೆ, ಟೆಯ ಮನಸ್ಸು ನಾಟಕದ ಸೀನಿಯರ್ ಒಬ್ಬನ ಕಡೆ ವಾಲುತ್ತದೆ, ಜೋಡಿ ಒಡೆಯುತ್ತದೆ. ಕೊನೆಗೆ ವರ್ಷಗಳಾದ ಮೇಲೆ ಸೇರುತ್ತಾರೆ. ಜನ ಕೆರಳಿದ್ದು ಸೇರದಿದ್ದಕ್ಕಲ್ಲ, ನಡುವೆ ಮೋಸ ಮಾಡಿದ್ದಕ್ಕೆ. ನನ್ನ ಅಭಿಪ್ರಾಯ ಕೇಳಿದರೆ, ಇದು ಬಿಎಲ್ ಕಥೆಗಳಲ್ಲಿ ಬಂದ ಹೆಚ್ಚು ಪ್ರಾಮಾಣಿಕ ಮುರಿತ. ಹದಿನೆಂಟರ ಪ್ರೀತಿ ಊರು ಬಿಟ್ಟ ಮೇಲೆ ಹೀಗೇ ಏಟು ತಿನ್ನುತ್ತದೆ. ಒಪ್ಪದವರು ಬಹಳ ಜನ ಇದ್ದಾರೆ, ಇರಲಿ.

ಕೊನೆ ದುಃಖದ್ದಾದರೂ ಕಥೆಯೇ ಬರೆದದ್ದು ಅಂತ ಒಪ್ಪಿಸುವ ಸಿನಿಮಾ ಬೇಕಾ? 2007ರ ಥಾಯ್ ಸಿನಿಮಾ ‘ಲವ್ ಆಫ್ ಸಯಾಮ್’ ನೋಡಿ. ಪೋಸ್ಟರ್‌ನಲ್ಲಿ ಹುಡುಗ ಹುಡುಗಿಯರ ಕಥೆ ಅಂತ ತೋರಿಸಿ, ಒಳಗೆ ಇಬ್ಬರು ಹುಡುಗರ ಕಥೆ ಇಟ್ಟಿದ್ದರು. ಚಿಕ್ಕವರಿದ್ದಾಗ ಟಾಂಗ್ ಒಂದು ಮರದ ಗೊಂಬೆಯನ್ನು ಮ್ಯೂಗೆ ಕೊಟ್ಟಿರುತ್ತಾನೆ, ಅದರ ಮೂಗು ಕಾಣೆಯಾಗಿರುತ್ತದೆ. ಕೊನೆಯಲ್ಲಿ ಟಾಂಗ್ ಹೇಳುತ್ತಾನೆ: ನಿನ್ನ ಜೊತೆ ಜೋಡಿಯಾಗಿ ಇರಲಾರೆ, ಹಾಗಂತ ನಿನ್ನ ಮೇಲೆ ಪ್ರೀತಿಯಿಲ್ಲ ಅಂತಲ್ಲ. ಮ್ಯೂ ಮನೆಗೆ ಬಂದು ಸಿಕ್ಕಿದ ಮೂಗನ್ನು ಗೊಂಬೆಗೆ ಸಿಕ್ಕಿಸಿ, ಥ್ಯಾಂಕ್ಸ್ ಅಂದು ಅಳುತ್ತಾನೆ. ನಾನು ಸಿನಿಮಾ ಪಾಠ ಮಾಡುವ ಕ್ಲಾಸಿನಲ್ಲಿ ಇದನ್ನು ಒಮ್ಮೆ ಹಾಕಿದ್ದೆ. ಲೈಟು ಹಾಕಿದರೆ ಹಿಂದಿನ ಬೆಂಚಿನ ಇಬ್ಬರು ಕರವಸ್ತ್ರ ಹುಡುಕುತ್ತಿದ್ದರು. ಒಬ್ಬಳು ಹುಡುಗಿ ಕೇಳಿದಳು: ‘ಮೂಗು ಸರಿಯಾಗಿ ಕೂರಲೇ ಇಲ್ಲ, ಅಲ್ವಾ ಮೇಡಂ?’ ಅಂತ. ಅವಳಿಗೆ ನಾನು ಪಾಠ ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ನಿಮ್ಮ ಪತ್ರದ ಕೊನೇ ಸಾಲಿಗೆ ಬರುತ್ತೇನೆ. ನಿಮಗೆ ಜಾಸ್ತಿ ತಾಕಿದ್ದು ಸಹಜ. ಬಿಎಲ್ ನೋಡುವವರಲ್ಲಿ ಹುಡುಗಿಯರು ಬಹಳ. ಅವರಿಗೂ ನೋವಾಗುತ್ತದೆ, ಆದರೆ ಬಹುಪಾಲು ಅವರು ಆ ಕಥೆಯ ಪಕ್ಕದ ಮನೆಯವರು. ನೀವು ಆ ಮನೆಯೊಳಗೇ ಇದ್ದೀರಿ. ನಿಮ್ಮಂಥವರು ಇನ್ನೊಂದು ತಕರಾರನ್ನೂ ಎತ್ತುತ್ತಾರೆ, ಅದು ನ್ಯಾಯವಾದದ್ದೇ: ‘ನನಗೆ ಗಂಡಸರು ಇಷ್ಟವಿಲ್ಲ, ನೀನೊಬ್ಬನೇ ಇಷ್ಟ’ ಅನ್ನೋ ಡೈಲಾಗು ಎಷ್ಟು ಸಲ ಬಂದಿದೆ ನೋಡಿ. ಕೊನೆ ಸುಖವಾಗಿದ್ದರೂ ಅಂಥ ಕಥೆ ನಿಮ್ಮನ್ನು ಬಾಗಿಲ ಹೊರಗೇ ನಿಲ್ಲಿಸಿರುತ್ತದೆ.

ನೀವು ಇನ್ನೂ ನೋಡಿಲ್ಲದಿದ್ದರೆ ‘ಬ್ಯಾಡ್ ಬಡ್ಡಿ’ ನೋಡಿ. 2021ರ ಕೊನೆಯಲ್ಲಿ ಶುರುವಾದ ಥಾಯ್ ಸರಣಿ. ಪ್ಯಾಟ್, ಪ್ರಾನ್ ಅಕ್ಕಪಕ್ಕದ ಮನೆಯವರು. ಅಪ್ಪ ಅಮ್ಮಂದಿರ ನಡುವೆ ಹಳೇ ಹಗೆ. ಕೊನೆ ಎಪಿಸೋಡಿನಲ್ಲಿ ವರ್ಷಗಳು ಕಳೆದಿವೆ, ಇಬ್ಬರೂ ಬೇರೆಯಾದ ಹಾಗೆ ಕಾಣುತ್ತದೆ. ನಿಜ ಬೇರೆ. ಊರಿನ ಮುಂದೆ ಮುಖ ತಿರುಗಿಸಿಕೊಂಡು, ರಾತ್ರಿ ಒಬ್ಬನ ಕೋಣೆಗೆ ಇನ್ನೊಬ್ಬ ಕದ್ದು ಬರುತ್ತಾನೆ. ದೊಡ್ಡವರಿಗೆ ಗೊತ್ತಿಲ್ಲ ಅಂತೇನಲ್ಲ. ಅವರು ಕೇಳೋದಿಲ್ಲ, ಇವರು ಹೇಳೋದಿಲ್ಲ. ಪಶ್ಚಿಮದ ದೇಶಗಳ ಎಷ್ಟೋ ಜನ ಇದೆಂಥ ಸುಖ, ಮನೆಯಲ್ಲಿ ನೇರವಾಗಿ ಹೇಳಬಾರದಾ ಅಂತ ಗೊಣಗಿದರು. ನನಗೆ ಹಾಗೆ ಅನ್ನಿಸಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದುಬಿಡೋದು ನಮ್ಮ ಮನೆಗಳಲ್ಲಿ ಒಂದು ಭಾಷೆಯೇ ಅಲ್ವಾ? ಅದು ಪೂರ್ತಿ ಸರಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಇಬ್ಬರೂ ಬದುಕಿದ್ದಾರೆ, ಜೊತೆಗಿದ್ದಾರೆ, ಸಮಯ ಅವರ ಕಡೆಗಿದೆ. ಥಾಯ್ಲೆಂಡಿನಲ್ಲಿ 2025ರ ಜನವರಿ 23ರಿಂದ ಇಂಥ ಜೋಡಿಗಳು ಮದುವೆಯಾಗಬಹುದು. ನಮ್ಮಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಈ ಪ್ರೀತಿ ಅಪರಾಧವಲ್ಲ ಅಂದಿತು. 2023ರ ಅಕ್ಟೋಬರ್‌ನಲ್ಲಿ ಮದುವೆಯ ಹಕ್ಕು ಕೊಡುವುದು ತನ್ನ ಕೆಲಸವಲ್ಲ, ಶಾಸನಸಭೆಯದು ಅಂದಿತು. ನಮ್ಮ ಸರಣಿ ಇನ್ನೂ ಹನ್ನೊಂದನೇ ಎಪಿಸೋಡಿನಲ್ಲಿದೆ ಅನ್ನಿ.

ಒಂದೆರಡು ಕೆಲಸಕ್ಕೆ ಬರುವ ಮಾತು. ನೋಡುವ ಮೊದಲು ಕೊನೆ ಹೇಗಿದೆ ಅಂತ ತಿಳಿದುಕೊಂಡರೆ ನಾಚಿಕೆಪಡಬೇಡಿ. ಚೀನೀ ಅಭಿಮಾನಿಗಳು ಇದಕ್ಕೇ ‘ಎಚ್‌ಇ’, ‘ಬಿಇ’ ಅಂತ ಗುರುತು ಹಾಕುತ್ತಾರೆ, ಸುಖದ ಕೊನೆ, ಕೆಟ್ಟ ಕೊನೆ ಅಂತ. ಮನಸ್ಸು ಭಾರವಿರುವ ವಾರದಲ್ಲಿ ‘ಬಿಇ’ ಮುಟ್ಟಬೇಡಿ. ಕಾದಂಬರಿ ಆಧಾರವಾಗಿದ್ದರೆ ಮೂಲದ ಕೊನೆ ಏನಿತ್ತು ನೋಡಿ, ಬದಲಾಯಿಸಿದವರು ಯಾರು ಅಂತ ತಾನಾಗೇ ತಿಳಿಯುತ್ತದೆ. ಸಿಟ್ಟು ಬಂದರೆ ಕಥೆಯನ್ನು ಬೈಯಿರಿ, ನಟರ ಪುಟಕ್ಕೆ ಹೋಗಿ ಬೈಯಬೇಡಿ. ಅವರು ಕೊನೆ ಬರೆದವರಲ್ಲ. ಊಟ ಸೇರದಿರುವುದು ವಾರಗಟ್ಟಲೆ ನಡೆದರೆ ಅದು ಸೀರಿಯಲ್ಲಿನ ನೋವಷ್ಟೇ ಅಲ್ಲ. ಆಗ ನಂಬಿಕೆಯ ಒಬ್ಬ ಗೆಳೆಯರ ಹತ್ತಿರವೋ ಆಪ್ತ ಸಲಹೆಗಾರರ ಹತ್ತಿರವೋ ಮಾತಾಡಿ. ಕೊನೆ ಎಪಿಸೋಡಿನ ನೆಪದಿಂದಲೇ ಮಾತು ಶುರು ಮಾಡಬಹುದು, ತಪ್ಪೇನಿಲ್ಲ.

ಮುಂದೆ ಏನು ನೋಡಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2020ರ ಜಪಾನಿ ‘ಚೆರ್ರಿ ಮ್ಯಾಜಿಕ್’ ಮುದ್ದಾಗಿದೆ. ಕೊನೆಯಲ್ಲಿ ಲಿಫ್ಟಿನೊಳಗೆ ತುಟಿಗಳು ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಬಾಗಿಲಿಗೆ ಶಾಪ ಹಾಕಿದವರ ಲೆಕ್ಕವಿಲ್ಲ, ನಾನೂ ಒಬ್ಬಳು. ಅದು ಬೇಡ ಅಂದರೆ 2019ರ ‘ವಾಟ್ ಡಿಡ್ ಯು ಈಟ್ ಯೆಸ್ಟರ್‌ಡೇ?’ ಹಾಕಿಕೊಳ್ಳಿ. ಒಬ್ಬ ವಕೀಲ, ಒಬ್ಬ ಕೂದಲು ಕತ್ತರಿಸುವವ, ಇಬ್ಬರೂ ನಡುವಯಸ್ಸಿನವರು, ಒಂದೇ ಮನೆ. ವಕೀಲ ಶಿರೋ ತಿಂಗಳಿಗೆ 25,000 ಯೆನ್‌ನಲ್ಲೇ ಊಟದ ಖರ್ಚು ಮುಗಿಸಬೇಕು ಅಂತ ಹಟ ಹಿಡಿದವನು. ಒಂದು ಸಲ ಇಡೀ ಕಲ್ಲಂಗಡಿ ಅಗ್ಗಕ್ಕೆ ಸಿಗುತ್ತದೆ, ಇಬ್ಬರಿಗೆ ಜಾಸ್ತಿ. ಅಂಗಡಿಯಲ್ಲಿ ಸಿಕ್ಕ ಗುರುತಿಲ್ಲದ ಗೃಹಿಣಿಯ ಜೊತೆ ಅರ್ಧರ್ಧ ಹಂಚಿಕೊಳ್ಳುತ್ತಾನೆ. ಅಲ್ಲಿಂದ ಅವರಿಬ್ಬರೂ ಗೆಳೆಯರು. ಆಮೇಲೆ ಮನೆಗೆ ಬಂದು ಅಡುಗೆ ಮಾಡುತ್ತಾನೆ, ಜೊತೆಗಾರ ಕೆಂಜಿ ಬಾಯಿ ತುಂಬ ಹೊಗಳುತ್ತಾ ತಿನ್ನುತ್ತಾನೆ. ಇಷ್ಟೇ ಕಥೆ, ಮಾರನೇ ದಿನ ಇನ್ನೊಂದು ಅಡುಗೆ. ರೂಮ್‌ಮೇಟ್‌ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆದರೆ ಊಟ ಮಾಡಿಯೇ ಕೂತುಕೊಳ್ಳಿ, ಇಲ್ಲದಿದ್ದರೆ ಅರ್ಧ ರಾತ್ರಿಯಲ್ಲಿ ಹಸಿವಾಗುತ್ತದೆ.